ತಪ್ಪು ಪಿಸ್ತೂಲಿನದೋ, ಬೆರಳಿನದೋ?

(ಕಾರವಾರದಲ್ಲಿ ಗುರಿ ಅಭ್ಯಾಸ ಮಾಡುವವರಿಗಾಗಿ ನಡೆದ ಉಪನ್ಯಾಸದ ಬರಹ ರೂಪ)

ಗುಂಡು ಅಂದುಕೊಂಡ ಕಡೆ ಬೀಳದಿದ್ದರೆ ನಾವೆಲ್ಲ ಮೊದಲು ಮಾಡುವ ಕೆಲಸ ಒಂದೇ. ಕೈಯಲ್ಲಿರುವ ಪಿಸ್ತೂಲನ್ನು ತಿರುಗಿಸಿ ತಿರುಗಿಸಿ ನೋಡುವುದು. "ಇದರ ಸೈಟ್ ಸರಿ ಇಲ್ಲ ಸರ್" ಎನ್ನುವ ಮಾತನ್ನು ರೇಂಜಿನಲ್ಲಿ ನಾನು ಕೇಳಿದಷ್ಟು ಬೇರೆ ಯಾವ ಮಾತನ್ನೂ ಕೇಳಿಲ್ಲ. ಸೈಟ್, ಅಂದರೆ ಗುರಿ ನೋಡಲು ಪಿಸ್ತೂಲಿನ ಮೇಲಿರುವ ಗುರುತು, ತಪ್ಪಿರಬಾರದು ಎಂದಿಲ್ಲ, ತಪ್ಪಿರಬಹುದು. ಆದರೆ ಅದಕ್ಕೆ ಕೈ ಹಾಕುವ ಮೊದಲು ತಪ್ಪನ್ನು ಬಿಡಿಸಿ ನೋಡಬೇಕು. ಪಿಸ್ತೂಲಿನದು ಎಷ್ಟು, ತೋಟಾದ್ದು (ಗುಂಡು, ಮದ್ದು ಸೇರಿದ ಕಾರ್ಟ್ರಿಜ್) ಎಷ್ಟು, ನಮ್ಮದು ಎಷ್ಟು? ಸ್ಟ್ರೈಕರ್ ಎಂಬ ಬಗೆಯ ಪಿಸ್ತೂಲನ್ನು, ಅದರಲ್ಲೂ ಗ್ಲಾಕ್ ಎಂಬುದನ್ನು ಉದಾಹರಣೆಗೆ ಇಟ್ಟುಕೊಂಡು ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಹಾಗೆ ಬಿಡಿಸಿ ನೋಡಿದಾಗ ಹೆಚ್ಚಿನ ಸಲ ಉತ್ತರ ತೋರುಬೆರಳಿನ ತುದಿಯಲ್ಲೇ ಸಿಗುತ್ತದೆ.

ಇಲ್ಲಿ ಎನ್‌ಸಿಸಿ ಮಕ್ಕಳಿದ್ದೀರಿ. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ಮುಗಿಸಿದವರಿದ್ದೀರಿ. ನೌಕಾಪಡೆಯಿಂದ ನಿವೃತ್ತರಾದವರೂ ಕೆಲವರು ಕಾಣುತ್ತಿದ್ದಾರೆ. ಶಿರಸಿ, ಸಿದ್ದಾಪುರ ಕಡೆಯಿಂದ ಘಟ್ಟ ಇಳಿದು ಬಂದ ತೋಟದ ಮಾಲೀಕರಿದ್ದೀರಿ. ನಿಮ್ಮ ಮನೆಯಲ್ಲಿರುವುದು ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿ, ಪಿಸ್ತೂಲು ಅಲ್ಲ. ಅಷ್ಟೇ ಅಲ್ಲ, ನಾನು ಉದಾಹರಣೆ ಕೊಡಲಿರುವ 9 ಎಂ.ಎಂ. ಪಿಸ್ತೂಲು ನಮ್ಮ ದೇಶದಲ್ಲಿ ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಅದು ಪೊಲೀಸರಿಗೆ, ಸೇನೆಗೆ ಮೀಸಲು. ನಾಗರಿಕರಿಗೆ ಸಿಗುವುದು .32, .22 ಇಂಥವು (ಈ ಅಂಕಿಗಳೆಲ್ಲ ಗುಂಡಿನ ಅಗಲದ ಅಳತೆ). ಆದರೂ ಈಗ ಹೇಳುವುದರಲ್ಲಿ ಹೆಚ್ಚಿನದು ಟ್ರಿಗರ್ ಇರುವ ಯಾವ ಆಯುಧಕ್ಕಾದರೂ ಹೊಂದುತ್ತದೆ.

ಸ್ಟ್ರೈಕರ್ ಅಂದರೆ ಏನು, ಅದನ್ನು ಮೊದಲು ನೋಡೋಣ. ಹಳೆಯ ರಿವಾಲ್ವರ್‌ನಲ್ಲಿ ಹಿಂದುಗಡೆ ಹ್ಯಾಮರ್ ಎದ್ದು ಕಾಣುತ್ತದೆ. ಅದು ಹಿಂದಕ್ಕೆ ಹೋಗಿ, ತಿರುಗಿ ಬಂದು ಬಡಿಯುತ್ತದೆ. ಸ್ಟ್ರೈಕರ್ ಪಿಸ್ತೂಲಿನಲ್ಲಿ ಹ್ಯಾಮರ್ ಇಲ್ಲ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಲೋಹದ ಭಾಗ ಸ್ಲೈಡ್, ಅದರ ಒಳಗೆ ಒಂದು ಸಣ್ಣ ಕೊಳವೆ. ಅದರೊಳಗೆ ಸ್ಪ್ರಿಂಗ್ ಹಾಕಿದ ಉದ್ದನೆಯ ಪಿನ್. ಅದೇ ಸ್ಟ್ರೈಕರ್. ಬಿಟ್ಟಾಗ ನೇರ ಮುಂದಕ್ಕೆ ಹೋಗಿ ತೋಟಾದ ಹಿಂಬದಿಯಲ್ಲಿ ಮದ್ದು ಹೊತ್ತಿಸಲು ಇರುವ ಪ್ರೈಮರ್‌ಗೆ ಹೊಡೆಯುತ್ತದೆ. ಗ್ಲಾಕ್ ಪಿಸ್ತೂಲಿನಲ್ಲಿ ಸ್ಲೈಡ್ ಎಳೆದು ಬಿಟ್ಟಾಗ ಈ ಸ್ಪ್ರಿಂಗ್ ಪೂರ್ತಿ ಬಿಗಿಯುವುದಿಲ್ಲ, ಒಂದಿಷ್ಟು ಮಾತ್ರ. ಉಳಿದದ್ದನ್ನು ಬಿಗಿಯುವುದು ನಿಮ್ಮ ಬೆರಳು. ಅದೇ ಎಳೆತದಲ್ಲಿ ಪಿನ್ನಿಗೆ ಅಡ್ಡ ನಿಂತ ಸೇಫ್ಟಿಯನ್ನು ಪಕ್ಕಕ್ಕೆ ಸರಿಸಬೇಕು. ಅದೇ ಎಳೆತದಲ್ಲಿ ಸ್ಟ್ರೈಕರ್ ಬಿಡುಗಡೆಯೂ ಆಗಬೇಕು. ಒಂದು ಬೆರಳಿಗೆ ಮೂರು ಕೆಲಸ. ಸಿಗ್ ಪಿ320 ಥರದ ಕೆಲವು ಪಿಸ್ತೂಲುಗಳಲ್ಲಿ ಸ್ಲೈಡ್ ಎಳೆದಾಗಲೇ ಸ್ಪ್ರಿಂಗ್ ಹೆಚ್ಚುಕಡಿಮೆ ಪೂರ್ತಿ ಬಿಗಿದಿರುತ್ತದೆ, ಅಲ್ಲಿ ಬೆರಳಿನ ಕೆಲಸ ಸ್ವಲ್ಪ ಕಡಿಮೆ.

ಇದು ಹೊಸ ಕಾಲದ ಆವಿಷ್ಕಾರ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಜಾನ್ ಬ್ರೌನಿಂಗ್ ಎಂಬ ಅಮೆರಿಕನ್ ಮೇಧಾವಿ ಬೆಲ್ಜಿಯಂನ ಕಂಪನಿಗಾಗಿ ರೂಪಿಸಿದ 1900ರ ಪಿಸ್ತೂಲು ಸ್ಟ್ರೈಕರ್ ಪಿಸ್ತೂಲೇ. ನಾವು ಇವತ್ತಿಗೂ .32 ಎಂದು ಕರೆಯುವ ತೋಟಾ ಬಂದದ್ದು ಆ ಪಿಸ್ತೂಲಿನ ಜೊತೆಗೇ. ಜರ್ಮನಿಯ ಹಳೆಯ ಲೂಗರ್ ಪಿಸ್ತೂಲು ಕೂಡ ಸ್ಟ್ರೈಕರ್. ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ಮಾಡಿದ್ದೇನೆಂದರೆ, ಅದೇ ಹಳೆಯ ವಿಚಾರವನ್ನು ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ದೇಹಕ್ಕೆ ಕೂಡಿಸಿ, ಹೊರಗಿನ ಸೇಫ್ಟಿ ಕೀಲಿ ತೆಗೆದುಹಾಕಿ, ಬಿಡಿಭಾಗ ಕಡಿಮೆ ಮಾಡಿ, 1982ರಲ್ಲಿ ತನ್ನ ದೇಶದ ಸೇನೆಗೆ ಒಪ್ಪಿಸಿದ್ದು. ಅದಕ್ಕೂ ಮೊದಲು ಆ ಮನುಷ್ಯನ ಕಾರ್ಖಾನೆಯಲ್ಲಿ ಪರದೆಯ ಸರಳು, ಸೈನಿಕರ ಚಾಕು ತಯಾರಾಗುತ್ತಿದ್ದವು. ಇವತ್ತು ನಮ್ಮ ಎನ್‌ಎಸ್‌ಜಿ ಕಮಾಂಡೋಗಳ ಸೊಂಟದಲ್ಲೂ ಗ್ಲಾಕ್ ಇದೆ. ಇರಲಿ, ಗುರಿಯ ವಿಷಯಕ್ಕೆ ಬರುತ್ತೇನೆ.

ಒಂದು ಲೆಕ್ಕ ಗಮನಿಸಿ. ಗ್ಲಾಕ್ 17ರ ಟ್ರಿಗರ್ ಎಳೆಯಲು ಬೇಕಾದ ಬಲ ಸುಮಾರು 2.5 ಕಿಲೋ. ಮ್ಯಾಗಜಿನ್ (ತೋಟಾ ಹಾಕುವ ಡಬ್ಬಿ) ತುಂಬಿದ ಪಿಸ್ತೂಲಿನ ತೂಕ ಸುಮಾರು 900 ಗ್ರಾಂ. ಅಂದರೆ ಪಿಸ್ತೂಲಿನ ತೂಕದ ಎರಡೂವರೆ ಪಟ್ಟಿಗೂ ಜಾಸ್ತಿ ಬಲವನ್ನು ನೀವು ಒಂದೇ ಬೆರಳಿನಿಂದ ಅದರ ಮೇಲೆ ಹಾಕುತ್ತೀರಿ. ಆ ಬಲ ನೇರ ಹಿಂದಕ್ಕೆ ಹೋದರೆ ಸರಿ. ಅದರಲ್ಲಿ ಹತ್ತನೇ ಒಂದು ಪಾಲು ಎಡಕ್ಕೋ ಕೆಳಕ್ಕೋ ತಿರುಗಿದರೂ ಪಿಸ್ತೂಲು ತಿರುಗುತ್ತದೆ. ಒಲಿಂಪಿಕ್ಸ್‌ನ 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 1000 ಗ್ರಾಂ ಇದ್ದರೆ ಸಾಕು. ಗಾಳಿಯ ಒತ್ತಡದಿಂದ ಹೊಡೆಯುವ 10 ಮೀಟರ್ ಏರ್ ಪಿಸ್ತೂಲಿಗೆ ಬರೀ 500 ಗ್ರಾಂ. ಆ ಪಿಸ್ತೂಲುಗಳು ಕ್ರೀಡೆಗೆಂದೇ ಹುಟ್ಟಿದವು. ಸ್ಟ್ರೈಕರ್ ಪಿಸ್ತೂಲು ಸೊಂಟದಲ್ಲಿ ಇಟ್ಟುಕೊಂಡು ಓಡುವ, ಬೀಳುವ, ಏಳುವ ಮನುಷ್ಯನಿಗಾಗಿ ಹುಟ್ಟಿದ್ದು. ಟ್ರಿಗರ್ ಗಟ್ಟಿ ಇರುವುದು ಅಲ್ಲಿ ಸುರಕ್ಷತೆಯ ಮಾತು. ಗುರಿ ಅಭ್ಯಾಸಕ್ಕೆ ಬಂದಾಗ ಅದೇ ಗುಣ ನಮ್ಮನ್ನು ಪರೀಕ್ಷೆ ಮಾಡುತ್ತದೆ.

ಇನ್ನೊಂದು ಲೆಕ್ಕ. ಇದನ್ನು ಬರೆದಿಟ್ಟುಕೊಳ್ಳಿ ಎನ್ನುತ್ತೇನೆ. ಮುಂದಿನ ಸೈಟ್‌ಗೂ ಹಿಂದಿನ ಸೈಟ್‌ಗೂ ನಡುವೆ ಇರುವ ದೂರ ಗ್ಲಾಕ್ 17ರಲ್ಲಿ 165 ಮಿಲಿಮೀಟರ್. ಮುಂದಿನ ಸೈಟ್ ಹಿಂದಿನ ಸೈಟ್‌ನ ಸಂದಿಯಲ್ಲಿ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿಯಿತು ಎಂದುಕೊಳ್ಳಿ. 10 ಮೀಟರ್ ದೂರದಲ್ಲಿ ಗುಂಡು 6 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. 25 ಮೀಟರ್‌ನಲ್ಲಿ 15 ಸೆಂಟಿಮೀಟರ್. 25 ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲವೇ 5 ಸೆಂಟಿಮೀಟರ್. ನಡುವಿಗೆ ಹಿಡಿದ ಗುಂಡು ಆ ವೃತ್ತದೊಳಗೆ ಉಳಿಯಬೇಕಾದರೆ ಸೈಟ್‌ಗಳ ತಪ್ಪು 0.16 ಮಿಲಿಮೀಟರ್ ದಾಟುವ ಹಾಗಿಲ್ಲ. ನೋಟ್‌ಬುಕ್ಕಿನ ಎರಡು ಹಾಳೆಯ ದಪ್ಪ ಹೆಚ್ಚುಕಡಿಮೆ ಅಷ್ಟೇ.

ಈಗ ಇದರ ಇನ್ನೊಂದು ಮುಖ ನೋಡಿ. ಎರಡೂ ಸೈಟ್ ಒಂದೇ ಸಾಲಿನಲ್ಲಿವೆ, ಆದರೆ ನಿಮ್ಮ ಇಡೀ ತೋಳು ಹಾಗೇ 1 ಸೆಂಟಿಮೀಟರ್ ಪಕ್ಕಕ್ಕೆ ತೇಲಿತು. ಆಗ ಗುಂಡು ಎಷ್ಟು ತಪ್ಪುತ್ತದೆ? ಅದೇ 1 ಸೆಂಟಿಮೀಟರ್. 10 ಮೀಟರ್ ಇರಲಿ, 25 ಮೀಟರ್ ಇರಲಿ, ಅಷ್ಟೇ. ಹಾಗಾಗಿ ಕೈ ನಡುಗುತ್ತದೆ ಎಂದು ಹೆದರುವವರಿಗೆ ನಾನು ಧೈರ್ಯ ಹೇಳುತ್ತೇನೆ. ಎಲ್ಲರ ಕೈಯೂ ನಡುಗುತ್ತದೆ. ತೋಳು ತೇಲುವುದು ಸಣ್ಣ ತಪ್ಪು. ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಬಾಗಿ ಸೈಟ್‌ಗಳ ಸಾಲು ಕೆಡುವುದು ದೊಡ್ಡ ತಪ್ಪು. ನಡುಕ ನಿಲ್ಲುವ ಆ ಒಂದು ಕ್ಷಣಕ್ಕೆ ಕಾದು, ಈಗ ಸಿಕ್ಕಿತು ಎಂದು ಟ್ರಿಗರ್ ಜಗ್ಗುವವರೇ ಹೆಚ್ಚು ತಪ್ಪು ಮಾಡುತ್ತಾರೆ. ಅವರು ಸಣ್ಣ ತಪ್ಪನ್ನು ತಪ್ಪಿಸಲು ಹೋಗಿ ದೊಡ್ಡದನ್ನು ತಂದುಕೊಳ್ಳುತ್ತಾರೆ.

ಹಾಗಾದರೆ ಟ್ರಿಗರ್ ಎಳೆಯುವುದು ಹೇಗೆ? ನಿಮ್ಮಲ್ಲಿ ಅಡಕತ್ತರಿ ಹಿಡಿಯದ ಮನೆಯವರು ಕಡಿಮೆ. ಅಡಿಕೆ ಹೋಳು ಮಾಡುವಾಗ ಕತ್ತರಿಯ ನಡುವೆ ಅಡಿಕೆ ಕೂರಿಸಿ, ಮೊದಲು ಸಡಿಲ ಹೋಗಲಾಡಿಸಿ, ಅಲಗು ತಾಗಿದ ಮೇಲೆ ನಿಧಾನ ಒತ್ತುತ್ತಾ ಹೋಗುತ್ತೀರಿ. ಯಾವ ಗಳಿಗೆಗೆ ಟಕ್ ಎಂದು ಒಡೆಯುತ್ತದೆ ಎಂದು ನಿಮಗೂ ಗೊತ್ತಿರುವುದಿಲ್ಲ. ಒಂದೇ ಏಟಿಗೆ ಅಮುಕಿದರೆ ಅಡಿಕೆ ಹಾರಿ ಹೋಗುತ್ತದೆ. ಸ್ಟ್ರೈಕರ್ ಟ್ರಿಗರ್ ಥೇಟ್ ಹಾಗೆಯೇ. ಮೊದಲು ಸಡಿಲವಾದ ಎಳೆತ ಇರುತ್ತದೆ, ಅದನ್ನು ತೆಗೆಯಿರಿ. ಆಮೇಲೆ ಬೆರಳಿಗೆ ಏನೋ ಅಡ್ಡ ಬಂದ ಹಾಗೆ ಗಟ್ಟಿ ತಾಗುತ್ತದೆ. ಶೂಟರ್‌ಗಳು ಅದನ್ನು 'ವಾಲ್' ಎನ್ನುತ್ತಾರೆ. ಅಲ್ಲಿಂದ ಮುಂದೆ ಒತ್ತಡ ಏರಿಸುತ್ತಾ ಹೋಗಿ, ನಿಲ್ಲಿಸಬೇಡಿ, ಆತುರವೂ ಬೇಡ. ಬಿಡುಗಡೆ ತಾನಾಗಿ ಆಗಲಿ. ಗುಂಡು ಹಾರಿದ ಮೇಲೆ ಬೆರಳನ್ನು ಟ್ರಿಗರ್‌ನಿಂದ ಎತ್ತಬೇಡಿ. ನಿಧಾನ ಮುಂದೆ ಬಿಟ್ಟರೆ 'ಕ್ಲಿಕ್' ಎನ್ನುತ್ತದೆ, ಅಲ್ಲಿಗೆ ಟ್ರಿಗರ್ ಮತ್ತೆ ತಯಾರು. ಗ್ಲಾಕ್‌ನಲ್ಲಿ ಈ ಕ್ಲಿಕ್ ಕಿವಿಗೂ ಕೇಳುತ್ತದೆ, ಬೆರಳಿಗೂ ಗೊತ್ತಾಗುತ್ತದೆ.

ಅಂಕೋಲಾ ಕಡೆಯ ಒಬ್ಬ ಹುಡುಗನ ಉದಾಹರಣೆ ಕೊಡುತ್ತೇನೆ. ತರಬೇತಿಯಲ್ಲಿ ಅವನ ಗುಂಡುಗಳೆಲ್ಲ ಕೆಳಗೆ ಎಡಕ್ಕೆ ಬೀಳುತ್ತಿದ್ದವು. ಚದುರಿ ಬಿದ್ದಿರಲಿಲ್ಲ, ಒಂದು ಕಡೆ ಗುಂಪಾಗಿ ಬಿದ್ದಿದ್ದವು. ಹಾಗಾಗಿ ಅವನಿಗೆ ಸೈಟ್ ಮೇಲೆಯೇ ಅನುಮಾನ. "ಸರ್, ಹಿಂದಿನ ಸೈಟ್ ಸ್ವಲ್ಪ ಬಲಕ್ಕೆ ತಟ್ಟಿ ಕೊಡಿ" ಎಂದ. ಕೇಳಲು ಸರಿಯಾದ ಮಾತೇ. ನಾನು "ತಮ್ಮಾ, ಒಂದು ನಿಮಿಷ ಇರು" ಎಂದು ಮ್ಯಾಗಜಿನ್ ಇಸಿದುಕೊಂಡು, ಅವನಿಗೆ ಕಾಣದ ಹಾಗೆ ನಡುನಡುವೆ ಒಂದೆರಡು ಡಮ್ಮಿ ತೋಟಾ ಸೇರಿಸಿ ವಾಪಸ್ ಕೊಟ್ಟೆ. ಡಮ್ಮಿಯಲ್ಲಿ ಮದ್ದಿಲ್ಲ, ಪ್ರೈಮರ್ ಇಲ್ಲ. ಮೊದಲೆರಡು ಗುಂಡು ಹಾರಿದವು. ಮೂರನೆಯದು ಡಮ್ಮಿ. ಟ್ರಿಗರ್ ಎಳೆದ, ಸದ್ದಿಲ್ಲ, ಒದೆತವಿಲ್ಲ. ಆದರೆ ಪಿಸ್ತೂಲಿನ ಮೂತಿ ಮೂರು ಬೆರಳಿನಷ್ಟು ಕೆಳಗೆ ಕುಕ್ಕಿತು. ಸುತ್ತ ನಿಂತಿದ್ದವರೆಲ್ಲ ಕಂಡರು, ಅವನೂ ಕಂಡ. ಯಾರೂ ಏನೂ ಹೇಳಬೇಕಾಗಲಿಲ್ಲ.

ಇದು ಆ ಹುಡುಗನೊಬ್ಬನದಲ್ಲ, ಮನುಷ್ಯರೆಲ್ಲರ ಗುಣ. ಸದ್ದು ಬರುತ್ತದೆ, ಪಿಸ್ತೂಲು ಒದೆಯುತ್ತದೆ ಎಂದು ದೇಹಕ್ಕೆ ಗೊತ್ತು. ಅದಕ್ಕೆ ಮೊದಲೇ ಎದುರಾಗಿ ತಳ್ಳುತ್ತದೆ. ಯೋಚನೆ ಮಾಡಿ, ಗುಂಡು ಈ ಗಿಡ್ಡ ಬ್ಯಾರೆಲ್ (ನಳಿಗೆ) ದಾಟಲು ಬೇಕಾದ ಸಮಯ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಒದೆತ ಕೈಗೆ ತಿಳಿಯುವಷ್ಟರಲ್ಲಿ ಗುಂಡು ಹೊರಗೆ ಹೋಗಿ ಆಗಿದೆ. ಒದೆತಕ್ಕೆ ಉತ್ತರ ಕೊಡುವಷ್ಟು ಚುರುಕು ಯಾರ ಕೈಗೂ ಇಲ್ಲ. ಹಾಗಾಗಿ ನಮ್ಮ ಗುರಿ ಕೆಡಿಸುವುದು ಬಂದ ಒದೆತ ಅಲ್ಲ, ಬರಲಿರುವ ಒದೆತದ ಭಯ. ಔಷಧ ಎರಡು. ಒಂದು, ಈಗ ಹೇಳಿದ ಡಮ್ಮಿ ಅಭ್ಯಾಸ, ಇನ್ನೊಬ್ಬರ ಕೈಯಿಂದ ಮ್ಯಾಗಜಿನ್ ತುಂಬಿಸಿಕೊಂಡು. ಇನ್ನೊಂದು ಡ್ರೈ ಫೈರ್, ಅಂದರೆ ಖಾಲಿ ಪಿಸ್ತೂಲಿನಲ್ಲಿ ಟ್ರಿಗರ್ ಎಳೆಯುವುದು.

ಡ್ರೈ ಫೈರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸುಲಭ ಎಂದು ಹಗುರ ಮಾಡಬೇಡಿ. ಮ್ಯಾಗಜಿನ್ ತೆಗೆಯಿರಿ. ಸ್ಲೈಡ್ ಎಳೆದು ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ತೋಟಾಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಮೂತಿ ಗಟ್ಟಿ ಗೋಡೆಯ ಕಡೆ ಇರಲಿ. ಮಕ್ಕಳು ಓಡಾಡುವ ಹೊತ್ತಿನಲ್ಲಿ ಬೇಡವೇ ಬೇಡ. ಆಮೇಲೆ ಮುಂದಿನ ಸೈಟ್‌ಗೆ ತಾಗಿದಂತೆ ಸ್ಲೈಡಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟುಕೊಳ್ಳಿ. ಟ್ರಿಗರ್ ಬಿಡುಗಡೆಯಾದಾಗ ನಾಣ್ಯ ಬೀಳಬಾರದು. ಹೆಚ್ಚಿನ ಸ್ಟ್ರೈಕರ್ ಪಿಸ್ತೂಲುಗಳಲ್ಲಿ ಪ್ರತಿ ಸಲವೂ ಸ್ಲೈಡ್ ಎಳೆದರೆ ಮಾತ್ರ ಟ್ರಿಗರ್ ಮತ್ತೆ ತಯಾರಾಗುತ್ತದೆ, ಅದೊಂದು ಕಿರಿಕಿರಿ. ಆದರೆ ಆ ಕಿರಿಕಿರಿಯಿಂದ ಪ್ರತಿ ಸಲವೂ ಹಿಡಿತ ಹೊಸದಾಗಿ ಹಿಡಿಯುವ ಅಭ್ಯಾಸವಾಗುತ್ತದೆ. ಜಾಸ್ತಿ ಮಾಡುವವರು ಚೇಂಬರ್‌ನಲ್ಲಿ ಸ್ನ್ಯಾಪ್ ಕ್ಯಾಪ್, ಅಂದರೆ ಪಿನ್ನಿನ ಪೆಟ್ಟು ತಡೆದುಕೊಳ್ಳುವ ಡಮ್ಮಿ ತೋಟಾ, ಹಾಕಿಕೊಳ್ಳುವುದು ಒಳ್ಳೆಯದು. .22 ಇರುವವರು ಮಾತ್ರ ಅದರ ತಯಾರಕರು ಒಪ್ಪದೆ ಖಾಲಿ ಚೇಂಬರ್‌ನಲ್ಲಿ ಎಳೆಯಬೇಡಿ. ಆ ತೋಟಾಕ್ಕೆ ಪಿನ್ ಹೊಡೆಯುವುದು ಅಂಚಿಗೆ. ತೋಟಾ ಇಲ್ಲದಿದ್ದರೆ ಪಿನ್ ಹೋಗಿ ಚೇಂಬರಿನ ಬಾಯಿಗೇ ಬಡಿಯಬಹುದು.

ಇನ್ನು ಹಿಡಿತ. ಹೆಬ್ಬೆರಳು, ತೋರುಬೆರಳಿನ ನಡುವಿನ ಸಂದಿ ಸ್ಲೈಡಿನ ಕೆಳಗೆ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲೆ ಹೋಗಲಿ. ಹಿಡಿತ ಕೆಳಗಾದಷ್ಟೂ ಮೂತಿ ಹೆಚ್ಚು ಮೇಲೇಳುತ್ತದೆ. ಹಾಗೆಂದು ಸ್ಲೈಡ್ ಹಿಂದೆ ಬರುವ ದಾರಿಯಲ್ಲಿ ಹೆಬ್ಬೆರಳಿನ ಚರ್ಮ ಇರಬಾರದು. ಎಡಗೈ ಅಂಗೈ ಬಂದು ಖಾಲಿ ಉಳಿದ ಜಾಗ ತುಂಬಬೇಕು. ಇಲ್ಲೊಂದು ಸೂಕ್ಷ್ಮ ಇದೆ. ತೋರುಬೆರಳು ಮಡಚಿದರೆ ಉಳಿದ ಮೂರು ಬೆರಳೂ ತಾವಾಗಿ ಬಿಗಿಯುತ್ತವೆ. ಖಾಲಿ ಕೈಯಲ್ಲಿ ಈಗಲೇ ಮಾಡಿ ನೋಡಿ. ಹಾಂ, ಕಿರುಬೆರಳು ನೋಡಿ, ಅದೂ ಅಲುಗಿತು ಅಲ್ವಾ? ಆ ಬಿಗಿತವೇ ಮೂತಿಯನ್ನು ಕೆಳಗೆ ಎಳೆಯುವುದು. ಅದಕ್ಕೆ ಮೊದಲಿಂದಲೇ ಗಟ್ಟಿ ಹಿಡಿದಿದ್ದರೆ ಮತ್ತೆ ಬಿಗಿಯಲು ಜಾಗ ಉಳಿಯುವುದಿಲ್ಲ. ಪಾಲಿಮರ್ ಪಿಸ್ತೂಲು ಹಗುರ, ಹಿಡಿತದಲ್ಲಿ ಆಗುವ ಸಣ್ಣ ಬದಲಾವಣೆಯೂ ಅದರಲ್ಲಿ ಬೇಗ ಕಾಣುತ್ತದೆ. ನಮ್ಮ ಕರಾವಳಿಯ ಸೆಕೆಗೆ ಅಂಗೈ ಬೆವರುತ್ತದೆ. ಒಂದು ಒಣ ಟವೆಲ್ ಪಕ್ಕದಲ್ಲಿರಲಿ, ಪ್ರತಿ ಮ್ಯಾಗಜಿನ್‌ಗೂ ಕೈ ಒರೆಸಿಕೊಳ್ಳಿ.

ಕಣ್ಣಿನ ವಿಷಯ ಹಿರಿಯರಿಗೆ ಮುಖ್ಯ. ಒಂದೇ ಹೊತ್ತಿಗೆ ಹಿಂದಿನ ಸೈಟ್, ಮುಂದಿನ ಸೈಟ್, ಟಾರ್ಗೆಟ್ ಮೂರೂ ಸ್ಪಷ್ಟವಾಗಿ ಯಾರಿಗೂ ಕಾಣುವುದಿಲ್ಲ. ಮುಂದಿನ ಸೈಟ್ ಒಂದೇ ಚೂಪಾಗಿ ಕಾಣಲಿ, ಟಾರ್ಗೆಟ್ ಮಸುಕಾಗಲಿ ಬಿಡಿ. ಕಾರಣ ಆಗಲೇ ಹೇಳಿದ ಲೆಕ್ಕದಲ್ಲೇ ಇದೆ, ಸೈಟ್ ಸಾಲು ಕೆಟ್ಟರೆ ಆಗುವುದೇ ದೊಡ್ಡ ತಪ್ಪು. ಶಿರಸಿ ಕಡೆಯ ಹಿರಿಯರೊಬ್ಬರು ಬಹಳ ಒಳ್ಳೆಯ ಶೂಟರ್. ಇದ್ದಕ್ಕಿದ್ದಂತೆ ಅವರ ಗುಂಡುಗಳು ಮೇಲೆ ಕೆಳಗೆ ಚದುರತೊಡಗಿದವು. ನೋಡಿದರೆ ಬೈಫೋಕಲ್ ಕನ್ನಡಕ ಬಂದಿತ್ತು. ಕೆಳಗಿನ ಗಾಜಿನಲ್ಲಿ ಸೈಟ್ ಹುಡುಕಲು ಪ್ರತಿ ಸಲವೂ ಗಲ್ಲ ಎತ್ತುತ್ತಿದ್ದರು. ಓದುವ ಕನ್ನಡಕ ಸುಮಾರು 40 ಸೆಂಟಿಮೀಟರ್ ದೂರಕ್ಕೆ ಮಾಡಿದ್ದು. ಚಾಚಿದ ಕೈಯಲ್ಲಿ ಮುಂದಿನ ಸೈಟ್ ಇರುವುದು ಅದಕ್ಕಿಂತ ದೂರ. ಮನೆಯಲ್ಲೇ ಕೈ ಚಾಚಿ, ಕಣ್ಣಿನಿಂದ ಮುಂದಿನ ಸೈಟ್ ಬರುವ ಜಾಗದವರೆಗೆ ಟೇಪ್ ಹಿಡಿದು ಅಳೆದುಕೊಂಡು, ಕಣ್ಣಿನ ಪರೀಕ್ಷೆಗೆ ಹೋದಾಗ ಆ ದೂರ ಹೇಳಿ. ಅಷ್ಟಕ್ಕೇ ಸರಿಯಾದ ಗಾಜು ಹಾಕಿಕೊಡುತ್ತಾರೆ.

ಬೆಳಕು ಕೂಡ ಆಟ ಆಡಿಸುತ್ತದೆ. ಸಂಜೆ ಸಮುದ್ರದ ಕಡೆ ಸೂರ್ಯ ಇಳಿದಾಗ ಸೈಟ್‌ನ ಒಂದು ಪಕ್ಕ ಮಾತ್ರ ಹೊಳೆಯುತ್ತದೆ. ಆಗ ಎಡಬಲದ ಸಂದಿ ಸಮ ಇದೆಯೋ ಇಲ್ಲವೋ ಎನ್ನುವುದರಲ್ಲಿ ಕಣ್ಣು ಮೋಸ ಹೋಗುತ್ತದೆ. ಹಳೆಯ ಶೂಟರ್‌ಗಳು ಸೈಟ್‌ಗೆ ಮಸಿ ಹಿಡಿಸುವುದು ಹೊಳಪು ತೆಗೆಯಲಿಕ್ಕೇ. ಬೆಳಗ್ಗೆ ಹೊಡೆದ ಟಾರ್ಗೆಟ್‌ಗೂ ಸಂಜೆಯದಕ್ಕೂ ಹೋಲಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಗಾಳಿಯ ಬಗ್ಗೆ ಕೇಳುತ್ತಾರೆ. 25 ಮೀಟರ್‌ನಲ್ಲಿ ಕಡಲ ಗಾಳಿ ಗುಂಡನ್ನು ಸರಿಸುವುದು ಲೆಕ್ಕಕ್ಕೇ ಬಾರದಷ್ಟು. ಅದು ಸರಿಸುವುದು ನಿಮ್ಮ ತೋಳನ್ನು. ಗಾಳಿ ಬೀಸಿದಾಗ ಕೈ ಇಳಿಸಿ, ನಿಂತ ಮೇಲೆ ಎತ್ತಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಹಿಡಿದು ನಿಂತರೂ ಕಣ್ಣು, ತೋಳು ಎರಡೂ ಸೋಲುತ್ತವೆ.

ತೋಟಾ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. 9 ಎಂ.ಎಂ. ಗುಂಡಿನಲ್ಲಿ 115, 124, 147 ಗ್ರೇನ್ (ಗುಂಡು ತೂಗುವ ಸಣ್ಣ ಅಳತೆ) ತೂಕಗಳು ಸಾಮಾನ್ಯ. ಭಾರದ ಗುಂಡು ನಿಧಾನ ಹೋಗುತ್ತದೆ, ಹಾಗಾಗಿ ಕೆಳಗೆ ಬೀಳಬೇಕು ಎಂದು ಅನಿಸುತ್ತದೆ. ಪಿಸ್ತೂಲಿನ ದೂರದಲ್ಲಿ ಸಾಮಾನ್ಯವಾಗಿ ಆಗುವುದು ಉಲ್ಟಾ. ಅದು ಬ್ಯಾರೆಲ್ ಒಳಗೆ ಸ್ವಲ್ಪ ಜಾಸ್ತಿ ಹೊತ್ತು ಇರುತ್ತದೆ, ಅಷ್ಟರಲ್ಲಿ ಮೂತಿ ಮೇಲೇಳಲು ಶುರುವಾಗಿರುತ್ತದೆ, ಗುಂಡು ಮೇಲೆ ಬೀಳುತ್ತದೆ. ಭೂಮಿಯ ಸೆಳೆತದಿಂದ 25 ಮೀಟರ್‌ನಲ್ಲಿ ಗುಂಡು ಇಳಿಯುವುದು ಎರಡೂವರೆ ಸೆಂಟಿಮೀಟರ್ ಆಸುಪಾಸು ಅಷ್ಟೇ. ಒಂದೇ ತಯಾರಿಕೆಯ ತೋಟಾ ಬಳಸಿ, ಬೆರೆಸಬೇಡಿ. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯ ಕಲಿಯುವ ಹಂತದಲ್ಲಿ ಇಲ್ಲ.

ಈಗ ಪಿಸ್ತೂಲಿನ ತಪ್ಪಿಗೆ ಬರೋಣ. ಅದನ್ನು ಬೇರೆ ಮಾಡಿ ನೋಡುವ ದಾರಿ ಹೀಗೆ. ಮರಳು ಚೀಲದ ಮೇಲೆ ಕೈ ಊರಿ, ಒಂದೇ ತಯಾರಿಕೆಯ ತೋಟಾದಲ್ಲಿ ಐದು ಗುಂಡು ನಿಧಾನ ಹೊಡೆಯಿರಿ. ಆಮೇಲೆ ಅದೇ ಪಿಸ್ತೂಲನ್ನು ನಿಮಗಿಂತ ಅನುಭವಿಯ ಕೈಗೆ ಕೊಡಿ. ಇಬ್ಬರ ಗುಂಪೂ ಒಂದೇ ಕಡೆ ಬಿದ್ದರೆ ಸೈಟ್ ಮಾತು ಆಡೋಣ. ಇಬ್ಬರದೂ ಬೇರೆ ಬೇರೆ ಕಡೆ ಬಿದ್ದರೆ ಸೈಟ್ ಮುಟ್ಟಬೇಡಿ. ಇಬ್ಬರದೂ ಚದುರಿದರೆ ಬ್ಯಾರೆಲ್ ಕಡೆ ನೋಡಿ. ಈ ಪಿಸ್ತೂಲುಗಳಲ್ಲಿ ಬ್ಯಾರೆಲ್ ಪ್ರತಿ ಗುಂಡಿಗೂ ಹಿಂದುಗಡೆ ಕೆಳಗೆ ವಾಲಿ, ಮತ್ತೆ ಮೇಲೆ ಬಂದು ಸ್ಲೈಡಿಗೆ ಕೂರುತ್ತದೆ. ಸೈಟ್ ಇರುವುದು ಸ್ಲೈಡಿನ ಮೇಲೆ, ಗುಂಡು ಹೋಗುವುದು ಬ್ಯಾರೆಲ್‌ನಿಂದ. ಅವೆರಡೂ ಪ್ರತಿ ಸಲ ಒಂದೇ ಥರ ಕೂತರೆ ಗುಂಡುಗಳು ಹತ್ತಿರ ಬೀಳುತ್ತವೆ. ಕೂರುವ ಜಾಗದಲ್ಲಿ ಮಸಿ ಕಟ್ಟಿದ್ದರೆ, ಸವೆದಿದ್ದರೆ ಚದುರುತ್ತವೆ. ಮೂತಿಯ ಅಂಚಿನಲ್ಲಿ ತುಕ್ಕೋ ಪೆಟ್ಟೋ ಇದ್ದರೂ ಹಾಗೇ. ಹಿಂದಿನ ಸೈಟ್ ಸಡಿಲ ಇದೆಯೇ ಎಂದು ನೋಡಲು ಸೈಟ್ ಮತ್ತು ಸ್ಲೈಡ್ ಎರಡಕ್ಕೂ ಸೇರಿದಂತೆ ಬಣ್ಣದ ಸಣ್ಣ ಗೆರೆ ಹಾಕಿಡಿ. ಗೆರೆ ತುಂಡಾದರೆ ಸೈಟ್ ಸರಿದಿದೆ ಎಂದರ್ಥ. ನಿಜವಾಗಿಯೂ ತಿದ್ದಬೇಕಾಗಿ ಬಂದರೆ ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟ್ ಆ ಕಡೆ ಸರಿಸಬೇಕು.

ಮಾಜಾಳಿಯಿಂದ ಭಟ್ಕಳದವರೆಗೆ ಕಡಲ ಪಕ್ಕ ಇರುವ ನಮಗೆ ಇನ್ನೊಂದು ಶತ್ರು ಇದೆ. ಉಪ್ಪು ಗಾಳಿ. ಮಳೆಗಾಲದಲ್ಲಿ ಬೆವರಿದ ಬೆರಳಿನ ಗುರುತು ಬಿದ್ದ ಕಡೆ ಬೆಳಗಾಗುವುದರೊಳಗೆ ತುಕ್ಕಿನ ಚುಕ್ಕಿ ಕಾಣಬಹುದು. ಪಾಲಿಮರ್‌ಗೆ ಏನೂ ಆಗುವುದಿಲ್ಲ, ಸ್ಲೈಡಿನ ಲೇಪವೂ ತಡೆಯುತ್ತದೆ. ಹೊಡೆತ ಬೀಳುವುದು ಒಳಗಿನ ಸ್ಪ್ರಿಂಗ್, ಪಿನ್ನುಗಳಿಗೆ. ಈ ಭಯಕ್ಕೆ ನಮ್ಮವರು ಎಣ್ಣೆ ಸುರಿಯುತ್ತಾರೆ. ಅಲ್ಲೇ ಎಡವಟ್ಟಾಗುವುದು. ಸ್ಟ್ರೈಕರ್ ಓಡಾಡುವ ಕೊಳವೆಗೆ ಎಣ್ಣೆ ಹೋಗಬಾರದು, ಅದು ಒಣಗಿರಬೇಕು. ಎಣ್ಣೆ ಹೋದರೆ ಮಸಿ ಅಂಟುತ್ತದೆ, ಸ್ಟ್ರೈಕರ್ ನಿಧಾನವಾಗುತ್ತದೆ, ಪ್ರೈಮರ್‌ಗೆ ಪೆಟ್ಟು ಸಾಲದೆ ಗುಂಡು ಹಾರುವುದಿಲ್ಲ. ಸ್ಲೈಡ್ ಜಾರುವ ಹಳಿಗಳಿಗೆ, ಬ್ಯಾರೆಲ್ ಉಜ್ಜುವ ಜಾಗಕ್ಕೆ ಹನಿ ಹನಿ ಸಾಕು. ತೆಂಗಿನೆಣ್ಣೆ ಹಾಕುವವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ. ಶಿರಸಿಯ ಚಳಿಗೆ ಅದು ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಪಿಸ್ತೂಲಿನೊಳಗೆ ಸುಮ್ನೆ ಇರುತ್ತದೆಯೇ? ಬಂದೂಕಿನ ಎಣ್ಣೆಯನ್ನೇ ತನ್ನಿ. ಗ್ಲಾಕ್ ಬಿಚ್ಚುವ ಮೊದಲು ಟ್ರಿಗರ್ ಎಳೆಯಲೇಬೇಕು, ಅದರ ರಚನೆಯೇ ಹಾಗೆ. ಹಾಗಾಗಿ ಚೇಂಬರ್ ಎರಡೆರಡು ಸಲ ನೋಡದೆ ಸ್ವಚ್ಛ ಮಾಡಲು ಕೂರಬೇಡಿ.

ಚರ್ಮದ ಹೋಲ್‌ಸ್ಟರ್ ಒಳಗೆ ಇಟ್ಟು ಬೀರುವಿಗೆ ಸೇರಿಸಬೇಡಿ, ಚರ್ಮ ತೇವ ಹಿಡಿಯುತ್ತದೆ. ತೋಟಾಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಆದರೆ ಎಣ್ಣೆ ಕೈಯಲ್ಲಿ ಮುಟ್ಟಬೇಡಿ. ಎಣ್ಣೆ ಪ್ರೈಮರ್ ಒಳಗೆ ಇಳಿದರೆ ಅದು ಸತ್ತಂತೆ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಂಡ ತೋಟಾ ಬೇರೆ ತೆಗೆದಿಡಿ. ಒಂದೇ ತೋಟಾವನ್ನು ಮತ್ತೆ ಮತ್ತೆ ಚೇಂಬರ್‌ಗೆ ಹಾಕಿ ತೆಗೆಯುವ ಅಭ್ಯಾಸವೂ ಒಳ್ಳೆಯದಲ್ಲ. ಗುಂಡು ತೋಟಾದ ಹಿತ್ತಾಳೆ ಕವಚದೊಳಗೆ ಕುಸಿದು, ಹಾರಿಸುವಾಗ ಒತ್ತಡ ಏರುತ್ತದೆ. ಕೋವಿ ಇರುವವರಿಗೂ ಒಂದು ಮಾತು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ಮುನ್ನ ಎಣ್ಣೆ ಬಟ್ಟೆಯಲ್ಲಿ ಒರೆಸಿ ಕೊಡಿ, ವಾಪಸ್ ತಂದ ದಿನವೇ ನಳಿಗೆ ನೋಡಿ.

ಕೊನೆಗೆ ಎನ್‌ಸಿಸಿ ಹುಡುಗಿಯೊಬ್ಬಳು ಚೀಟಿ ಕಳಿಸಿದ್ದಾಳೆ. "ಕಲಿಯಲು ಯಾವ ಪಿಸ್ತೂಲಿನಿಂದ ಶುರು ಮಾಡಬೇಕು?" ಒಳ್ಳೆಯ ಪ್ರಶ್ನೆ ಮಗಾ. 10 ಮೀಟರ್ ಏರ್ ಪಿಸ್ತೂಲಿನಿಂದ. .177 ಅಳತೆಯ, 20 ಜೂಲ್ ಒಳಗಿನ ಶಕ್ತಿಯದಕ್ಕೆ ಲೈಸೆನ್ಸ್ ಬೇಕಿಲ್ಲ. ಸದ್ದಿಲ್ಲ, ಒದೆತ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಭಯದ ಅಭ್ಯಾಸ ಕೈಗೆ ಹತ್ತುವುದೇ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್ ಪದಕ ತಂದದ್ದು ಏರ್ ಪಿಸ್ತೂಲಿನಲ್ಲಿ. ಅದೇ ಒಲಿಂಪಿಕ್ಸ್‌ನ 25 ಮೀಟರ್ ಪಿಸ್ತೂಲಿನಲ್ಲಿ ನಾಲ್ಕನೆಯವರಾದರು. ಒಂದೇ ಕೈ, ಎರಡೂ ಕಡೆ ನಡೆಯುತ್ತದೆ. ಏರ್ ಪಿಸ್ತೂಲಿನಲ್ಲಿ ಪೆಲೆಟ್ (ಅದರ ಸಣ್ಣ ಗುಂಡು) ನಿಧಾನ ಹೋಗುತ್ತದೆ, ಬ್ಯಾರೆಲ್ ಒಳಗೆ 9 ಎಂ.ಎಂ. ಗುಂಡಿಗಿಂತ ಎಷ್ಟೋ ಪಟ್ಟು ಹೊತ್ತು ಇರುತ್ತದೆ. ಟ್ರಿಗರ್ ಬಿಡುಗಡೆಯಾದ ಕೂಡಲೇ ಕೈ ಸಡಿಲಿಸಿದರೆ ಟಾರ್ಗೆಟ್ ಮೇಲೆ ಅದು ತಕ್ಷಣ ಕಾಣುತ್ತದೆ. ಅದಕ್ಕೆ ಪೆಲೆಟ್ ಹೋದ ಮೇಲೂ ಎರಡು ಸೆಕೆಂಡು ಸೈಟ್ ನೋಡುತ್ತಲೇ ನಿಲ್ಲು. ಬಿಡುಗಡೆಯ ಗಳಿಗೆಯಲ್ಲಿ ಸೈಟ್ ಎಲ್ಲಿತ್ತು, ಹಾಗಾದರೆ ರಂಧ್ರ ಎಲ್ಲಿ ಬಿದ್ದಿರಬೇಕು, ಮೊದಲು ಪುಸ್ತಕದಲ್ಲಿ ಬರೆ. ಆಮೇಲೆ ಟಾರ್ಗೆಟ್ ನೋಡು. ನೀನು ಬರೆದದ್ದೂ ರಂಧ್ರವೂ ಹೊಂದತೊಡಗಿದ ಮೇಲೆ .22ಕ್ಕೆ ಹೋಗು. ಗಟ್ಟಿ ಟ್ರಿಗರ್‌ನ ಪಿಸ್ತೂಲು ಅದರ ನಂತರ.